ಬಿಡುಗಡೆಗೆ ಮುಂಚೆಯೇ ಕನ್ನಡದಲ್ಲಿ ಟೈಪ್ ಮಾಡಿ ನೋಡುವವರು ಬೇಕು

ಮಾನ್ಯ ಸಂಪಾದಕರೇ,

ಹೊಸ ಫೋನ್ ಬಂದರೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುತ್ತದೆ. ಕಚೇರಿ ಕೆಲಸಕ್ಕೆ ಬಳಸುವ ಲಿಬ್ರೆಆಫೀಸ್, ಬ್ರೌಸರ್ ಆದ ಫೈರ್‌ಫಾಕ್ಸ್, ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ ಡೆಬಿಯನ್ ತರಹದ ಮುಕ್ತ (ಯಾರು ಬೇಕಾದರೂ ಕೋಡ್ ನೋಡಿ ಬದಲಾಯಿಸಬಹುದಾದ) ತಂತ್ರಾಂಶಗಳ ಹೊಸ ಆವೃತ್ತಿ ಬಂದಾಗ ಎರಡು ಸಾಲು ಬಂದರೆ ಹೆಚ್ಚು. ಅದೂ ಬಿಡುಗಡೆ ಆದ ಮೇಲೆ. ಆ ಎರಡು ಸಾಲೇ ಸಾಕು, ಆದರೆ ಅದನ್ನು ಬಿಡುಗಡೆಗೆ ಒಂದು ತಿಂಗಳು ಮೊದಲೇ ಹಾಕಿ ಅಂತ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಕನ್ನಡದವರ ಸಹಾಯ ಜಾಸ್ತಿ ಬೇಕಾಗುವುದು ಆಗ. ನಾವು ಮಾತ್ರ ಎಲ್ಲ ಮುಗಿದ ಮೇಲೆ ಡೌನ್‌ಲೋಡ್ ಮಾಡಿಕೊಂಡು, ಅಕ್ಷರ ಒಡೆದು ಕಂಡರೆ ಬೈದುಕೊಂಡು ಸುಮ್ಮನಾಗುತ್ತೇವೆ.

ರಿಲೀಸ್ ಅಂದರೆ ಯಾರೋ ಒಂದು ಬಟನ್ ಒತ್ತುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಲಿಬ್ರೆಆಫೀಸನ್ನೇ ತೆಗೆದುಕೊಳ್ಳಿ. ವರ್ಷಕ್ಕೆ ಎರಡು ದೊಡ್ಡ ರಿಲೀಸ್, ಫೆಬ್ರವರಿಯಲ್ಲಿ ಒಂದು, ಆಗಸ್ಟ್‌ನಲ್ಲಿ ಒಂದು. 2024ರಿಂದ ಆವೃತ್ತಿಯ ಸಂಖ್ಯೆಯಲ್ಲೇ ವರ್ಷ, ತಿಂಗಳು ಎರಡೂ ಇರುತ್ತವೆ: 24.2, 24.8, 25.2, 25.8 ಹೀಗೆ. ಯಾವಾಗ ಬರುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಒಂದು ಹೊಸ ಸೌಲಭ್ಯದ ಕೆಲಸ ಅಷ್ಟರೊಳಗೆ ಮುಗಿಯಲಿಲ್ಲ ಅಂದರೆ ಅದು ಮುಂದಿನ ರಿಲೀಸ್‌ಗೆ ಹೋಗುತ್ತದೆ, ಅದಕ್ಕಾಗಿ ಯಾರೂ ಕಾಯುವುದಿಲ್ಲ. ಬಿಡುಗಡೆಗೆ ಸುಮಾರು ಎರಡು ತಿಂಗಳು ಇರುವಾಗ ಹೊಸದನ್ನು ಸೇರಿಸುವುದು ನಿಲ್ಲುತ್ತದೆ. ಇದಕ್ಕೆ ಫ್ರೀಜ್ ಅನ್ನುತ್ತಾರೆ. ಆಮೇಲೆ ಬೀಟಾ, ಅಂದರೆ ಪರೀಕ್ಷಿಸಲೆಂದು ಬಿಡುವ ಆವೃತ್ತಿ ಬರುತ್ತದೆ, ಅದಾದ ಮೇಲೆ ಒಂದರ ಹಿಂದೆ ಒಂದು ರಿಲೀಸ್ ಕ್ಯಾಂಡಿಡೇಟ್‌ಗಳು (ಆರ್‌ಸಿಗಳು), ಅಂದರೆ ದೊಡ್ಡ ತಪ್ಪು ಸಿಗದಿದ್ದರೆ ಅಂತಿಮವಾಗಬಹುದಾದ ಆವೃತ್ತಿಗಳು. ಅಷ್ಟು ದಿನವೂ ಬಗ್ (ತಂತ್ರಾಂಶದ ತಪ್ಪು) ಹುಡುಕುವುದು ಮತ್ತು ಸರಿ ಮಾಡುವುದೇ ಕೆಲಸ.

ಬಿಡುಗಡೆ ಹತ್ತಿರ ಬಂದ ಹಾಗೆ ಒಂದು ತಿದ್ದುಪಡಿ ಒಳಗೆ ಸೇರುವುದೂ ಕಷ್ಟವಾಗುತ್ತದೆ. ಬರೆದವರೇ ಸೇರಿಸುವಂತಿಲ್ಲ, ಬೇರೆಯವರು ನೋಡಿ ಒಪ್ಪಬೇಕು. ಒಂದು ಬಗ್ ಸರಿ ಮಾಡಲು ಹೋಗಿ ಇನ್ನೆರಡು ಹುಟ್ಟಿಕೊಳ್ಳುವುದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ರಿಲೀಸ್ ನೋಡಿಕೊಳ್ಳುವವರು ಒಳ್ಳೆಯ ತಿದ್ದುಪಡಿಗೂ ಎಷ್ಟೋ ಸಲ ‘ಈಗ ಬೇಡ’ ಅನ್ನಬೇಕಾಗುತ್ತದೆ. ಅದನ್ನು ಕೇಳಿದವರಿಗೆ ಬೇಜಾರಾಗುತ್ತದೆ, ಕೆಲವರು ಜಗಳಕ್ಕೂ ಬರುತ್ತಾರೆ. ಆದರೂ ಹೇಳಬೇಕು. ನನ್ನ ಪ್ರಕಾರ ರಿಲೀಸ್ ಕೆಲಸದಲ್ಲಿ ಅತಿ ಕಷ್ಟದ್ದು ಇದೇ. ಇದರ ಜೊತೆಗೆ ಏನೇನು ಬದಲಾಗಿದೆ ಅಂತ ರಿಲೀಸ್ ನೋಟ್ಸ್ ಬರೆಯಬೇಕು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಪ್ಯಾಕೇಜ್ ಕಟ್ಟಬೇಕು, ನಡುವೆ ಯಾರೂ ಫೈಲ್ ಬದಲಾಯಿಸಿಲ್ಲ ಅಂತ ಜನ ಪರೀಕ್ಷಿಸಿಕೊಳ್ಳಲು ಡಿಜಿಟಲ್ ಸಹಿ ಹಾಕಬೇಕು, ಬೇರೆ ಬೇರೆ ದೇಶಗಳ ಸರ್ವರ್‌ಗಳಿಗೆ ಅದನ್ನು ತಲುಪಿಸಬೇಕು. ಇದನ್ನೆಲ್ಲ ಮಾಡುವವರಲ್ಲಿ ಸಂಬಳ ಪಡೆಯುವವರೂ ಇದ್ದಾರೆ, ಬಿಡುವಿನ ವೇಳೆಯಲ್ಲಿ ಪ್ರೀತಿಗೆ ಮಾಡುವವರೂ ಇದ್ದಾರೆ.

ಆದರೆ ಇವರಲ್ಲಿ ಕನ್ನಡ ಓದಬಲ್ಲವರು ಎಷ್ಟು ಜನ ಇರಬಹುದು? ಜರ್ಮನಿಯಲ್ಲೋ ಸ್ಪೇನ್‌ನಲ್ಲೋ ಕೂತು ಬೀಟಾ ಪರೀಕ್ಷಿಸುವವರಿಗೆ ಕನ್ನಡದ ಪುಟ ಸರಿಯಾಗಿದೆಯೋ ಕೆಟ್ಟಿದೆಯೋ ಹೇಗೆ ತಿಳಿಯಬೇಕು? ನಮ್ಮ ಲಿಪಿಯಲ್ಲಿ ನೋಡಬೇಕಾದ್ದು ಬಹಳ ಇದೆ. ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂತಿದೆಯಾ, ಕೆಳಗಿನ ಸಾಲಿಗೆ ತಗಲುತ್ತಿದೆಯಾ? ಅರ್ಕಾವತ್ತು ಸರಿಯಾಗಿ ಬರುತ್ತಿದೆಯಾ? ‘ರ‍್ಯಾಂಕ್’ ಅಂತ ಟೈಪ್ ಮಾಡಿದರೆ ಹಾಗೇ ಉಳಿಯುತ್ತದಾ, ‘ರ್ಯಾಂಕ್’ ಆಗಿಬಿಡುತ್ತದಾ? ಈ ಎರಡರ ನಡುವೆ ಇರುವುದು ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಅಷ್ಟೇ, ಫೈಲ್ ಉಳಿಸಿ ಮತ್ತೆ ತೆರೆಯುವಾಗ ಅದು ಬಿದ್ದುಹೋದರೆ ಕನ್ನಡ ಬಾರದವರಿಗೆ ಗೊತ್ತೇ ಆಗುವುದಿಲ್ಲ. ‘ಕ್ಷ್ಮ’ದಂಥ ಅಕ್ಷರದ ಮೇಲೆ ಬ್ಯಾಕ್‌ಸ್ಪೇಸ್ ಒತ್ತಿದಾಗ ಏನಾಗುತ್ತದೆ, ಪಿಡಿಎಫ್ ಮಾಡಿ ಅದರಿಂದ ಕಾಪಿ ಮಾಡಿದ ಪದ ಸರಿಯಾಗಿ ಪೇಸ್ಟ್ ಆಗುತ್ತದಾ, ಹೆಸರುಗಳ ಪಟ್ಟಿ ಅಕಾರಾದಿಯಾಗಿ ಜೋಡಣೆಯಾಗುತ್ತದಾ, ಇದೆಲ್ಲ ನಮ್ಮ ಹೈಸ್ಕೂಲ್ ಹುಡುಗರೂ ಕಂಡುಹಿಡಿಯಬಲ್ಲ ತಪ್ಪುಗಳು. ಇದಕ್ಕೆ ಪ್ರೋಗ್ರಾಮಿಂಗ್ ಬೇಕಿಲ್ಲ.

ಇನ್ನೊಂದು ಮಾತು. ಅಕ್ಷರಗಳನ್ನು ಜೋಡಿಸಿ ಆಕಾರ ಕೊಡುವ ಕೆಲಸವನ್ನು ಲಿಬ್ರೆಆಫೀಸ್ ತಾನೇ ಮಾಡುವುದಿಲ್ಲ. ಅದಕ್ಕೆ ಹಾರ್ಫ್‌ಬಜ್ ಅನ್ನುವ ಪ್ರತ್ಯೇಕ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್ ಇದೆ, ಅದೂ ಮುಕ್ತ ತಂತ್ರಾಂಶವೇ. 2017ರಲ್ಲಿ ಬಂದ 5.3ನೇ ಆವೃತ್ತಿಯಿಂದ ಲಿಬ್ರೆಆಫೀಸ್ ಎಲ್ಲ ಕಡೆ ಅದನ್ನೇ ಬಳಸುತ್ತಿದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಕೂಡ ಅದನ್ನೇ ಬಳಸುತ್ತವೆ. ಅಂದರೆ ಆ ಒಂದು ಲೈಬ್ರರಿಯ ರಿಲೀಸ್‌ನಲ್ಲಿ ಕನ್ನಡದ ತಪ್ಪೊಂದು ನುಸುಳಿದರೆ ಅದು ಒಂದು ತಂತ್ರಾಂಶಕ್ಕೇ ನಿಲ್ಲುವುದಿಲ್ಲ. ಅಲ್ಲಿ ಸರಿ ಮಾಡಿದ್ದೂ ಹಾಗೇ ಎಲ್ಲ ಕಡೆ ಹರಡುತ್ತದೆ.

ಮೊದಲೇ ಬಳಸಿ ನೋಡುವವರು ಎಷ್ಟು ಮುಖ್ಯ ಅನ್ನುವುದಕ್ಕೆ 2024ರ ಮಾರ್ಚ್‌ನಲ್ಲಿ ನಡೆದದ್ದು ಸಾಕು. ಎಕ್ಸ್‌ಜ಼ೆಡ್ ಅನ್ನುವ, ಫೈಲ್ ಕುಗ್ಗಿಸುವ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಸರ್ವರ್‌ಗಳಿಗೆ ಕಳ್ಳದಾರಿ ತೆರೆಯುವ ಕೋಡ್ ಸೇರಿಕೊಂಡಿತ್ತು. ಸೇರಿಸಿದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ದಣಿದಿದ್ದ ನಿರ್ವಾಹಕರ ನಂಬಿಕೆ ಗಳಿಸಿ, ರಿಲೀಸ್ ಮಾಡುವ ಅಧಿಕಾರವನ್ನೇ ಪಡೆದಿದ್ದರು. ಆ ಕಳ್ಳ ಕೋಡನ್ನು ಚಾಲೂ ಮಾಡುವ ತುಣುಕು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ (ಮೂಲ ಕೋಡ್ ಇಡುವ ಜಾಗ) ಇರಲಿಲ್ಲ, ರಿಲೀಸ್‌ಗೆಂದು ಕಟ್ಟಿದ ಪ್ಯಾಕೇಜಿನಲ್ಲಿ ಮಾತ್ರ ಇತ್ತು. ಇದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್. ಅವರು ಡೆಬಿಯನ್‌ನ ಇನ್ನೂ ಬಿಡುಗಡೆಯಾಗದ, ಪ್ರಯೋಗದ ಆವೃತ್ತಿ ಬಳಸುತ್ತಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಹೋದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ಸೇರುವ ಮೊದಲೇ ಸಿಕ್ಕಿಬಿತ್ತು. ಎಲ್ಲರೂ ಅಧಿಕೃತ ಬಿಡುಗಡೆಗೇ ಕಾಯುತ್ತಾ ಕೂತಿದ್ದರೆ ಏನಾಗುತ್ತಿತ್ತು ಯೋಚಿಸಿ.

ಎಲ್ಲ ಸಲವೂ ಇಷ್ಟು ಬೇಗ ಗೊತ್ತಾಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3 ಹೊರಡಬೇಕಿದ್ದ ದಿನವೇ ಅದರ ಕರ್ನಲ್‌ನಲ್ಲಿ (ವ್ಯವಸ್ಥೆಯ ತಿರುಳು) ಡಿಸ್ಕ್‌ನ ಮಾಹಿತಿ ಕೆಡಿಸುವ ಬಗ್ ಇದೆ ಅಂತ ತಿಳಿಯಿತು. ತಕ್ಷಣ ಬಿಡುಗಡೆ ತಡೆಹಿಡಿದು, ಸರಿ ಮಾಡಿ, ಡಿಸೆಂಬರ್ 10ರಂದು 12.4 ಅಂತಲೇ ಹೊರತಂದರು. ತಡೆಹಿಡಿಯುವ ನಿರ್ಧಾರ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಕನ್ನಡದ ಬಗ್‌ಗೆ ಇಷ್ಟು ದೊಡ್ಡ ಗದ್ದಲ ಆಗುವುದಿಲ್ಲ. ಅದಕ್ಕೇ ಅದು ಉಳಿದುಬಿಡುತ್ತದೆ. ಬಿಡುಗಡೆ ಆದ ಮೇಲೆ ಹೇಳಿದರೆ ಸರಿಯಾದದ್ದು ಬರಲು ಕಡಿಮೆಯೆಂದರೂ ಒಂದು ತಿಂಗಳು. ಬಂದರೂ ಎಲ್ಲರೂ ಹಾಕಿಕೊಳ್ಳುತ್ತಾರಾ? ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಒಮ್ಮೆ ಹಾಕಿದ ಆವೃತ್ತಿಯನ್ನು ಕಂಪ್ಯೂಟರ್ ಕೆಡುವ ತನಕ ಯಾರೂ ಮುಟ್ಟುವುದಿಲ್ಲ, ಅಲ್ವಾ?

ಬೀಟಾ ಹಾಕಿಕೊಂಡರೆ ಇರುವ ಕೆಲಸ ಹಾಳಾಗುತ್ತದೆ ಅನ್ನುವ ಭಯ ಕೆಲವರಿಗೆ ಇದೆ. ಲಿಬ್ರೆಆಫೀಸ್‌ನ ಬೀಟಾ ಬೇರೆ ಹೆಸರಿನಲ್ಲಿ, ಈಗಿರುವ ಆವೃತ್ತಿಯ ಪಕ್ಕದಲ್ಲೇ ಕೂರುತ್ತದೆ. ಆದರೆ ಆರ್‌ಸಿ ಹಾಗಲ್ಲ, ಅದು ಹಳೆಯದರ ಜಾಗಕ್ಕೇ ಬರುತ್ತದೆ. ಅದನ್ನು ನೋಡುವವರು ಬೇರೆ ಕಂಪ್ಯೂಟರ್‌ನಲ್ಲಿ ನೋಡಿ. ಯಾವುದೇ ಆದರೂ ಮುಖ್ಯವಾದ ಫೈಲನ್ನು ನೇರವಾಗಿ ತೆರೆಯಬೇಡಿ, ಪ್ರತಿ ಮಾಡಿಕೊಂಡು ತೆರೆಯಿರಿ.

ತಪ್ಪು ಕಂಡರೆ ‘ಕನ್ನಡ ಸರಿ ಬರ್ತಿಲ್ಲ’ ಅಂತ ಬರೆದರೆ ಉಪಯೋಗವಿಲ್ಲ. ಯಾವ ಆವೃತ್ತಿ, ಯಾವ ಫಾಂಟ್, ಏನು ಮಾಡಿದಾಗ ಏನಾಯಿತು ಅಂತ ಬರೆದು, ಆ ಫೈಲನ್ನೂ ಸೇರಿಸಬೇಕು. ಜೊತೆಗೆ ತಪ್ಪಾಗಿ ಕಾಣುವ ಪದ ಮತ್ತು ಅದು ಹೇಗೆ ಕಾಣಬೇಕಿತ್ತು ಅನ್ನುವ ಚಿತ್ರ ಎರಡನ್ನೂ ಅಕ್ಕಪಕ್ಕ ಹಾಕಬೇಕು, ಯಾಕಂದ್ರೆ ನೋಡುವವರಿಗೆ ಕನ್ನಡ ಬರುವುದಿಲ್ಲ. ಹಿಂದಿನ ಆವೃತ್ತಿಯಲ್ಲಿ ಸರಿಯಿತ್ತು ಅಂತ ಖಚಿತವಾಗಿ ಹೇಳಿದರೆ ಇನ್ನೂ ಒಳ್ಳೆಯದು. ಲಿಬ್ರೆಆಫೀಸ್‌ನವರು ಹಿಂದಿನ ಸಾವಿರಾರು ಬಿಲ್ಡ್‌ಗಳನ್ನು (ಆಯಾ ಹೊತ್ತಿನ ಕೋಡ್‌ನಿಂದ ಕಟ್ಟಿದ ಪ್ರತಿಗಳನ್ನು) ಇಟ್ಟುಕೊಂಡಿದ್ದಾರೆ. ಸರಿಯಿದ್ದ ಒಂದು, ಕೆಟ್ಟ ಒಂದು ಸಿಕ್ಕರೆ ನಡುವಿನದನ್ನು ತೆರೆದು ನೋಡುತ್ತಾ, ಪ್ರತಿ ಸಲ ಅರ್ಧ ಅರ್ಧ ಬಿಟ್ಟು, ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಬೇಗ ಪತ್ತೆ ಮಾಡುತ್ತಾರೆ.

ಎಂಜಿನಿಯರಿಂಗ್ ಮತ್ತು ಬಿಸಿಎ ಕಾಲೇಜುಗಳ ಮೇಷ್ಟ್ರುಗಳಿಗೂ ಒಂದು ವಿನಂತಿ. ವರ್ಷ ವರ್ಷವೂ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್ ಮಾಡಿಸುವ ಬದಲು ಒಂದು ತಂಡಕ್ಕೆ ಬೀಟಾ ಪರೀಕ್ಷೆಯ ಕೆಲಸ ಕೊಡಿ. ಒಳ್ಳೆಯ ಬಗ್ ರಿಪೋರ್ಟ್ ಬರೆಯಲು ಕಲಿತ ವಿದ್ಯಾರ್ಥಿಗೆ ಮುಂದೆ ಕೆಲಸದಲ್ಲೂ ಅದು ಬೇಕಾಗುತ್ತದೆ. ಕನ್ನಡ ಎಂ.ಎ. ಓದುವವರನ್ನೂ ಡಿಟಿಪಿ ಮಾಡುವವರನ್ನೂ ಆ ತಂಡಕ್ಕೆ ಸೇರಿಸಿಕೊಳ್ಳಿ, ಅಕ್ಷರದ ತಪ್ಪು ಅವರ ಕಣ್ಣಿಗೆ ಬೇಗ ಬೀಳುತ್ತದೆ.

ಲಿಬ್ರೆಆಫೀಸ್‌ನ ಬೀಟಾ ಮತ್ತು ಆರ್‌ಸಿಗಳು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಮತ್ತೆ ಜೂನ್, ಜುಲೈಯಲ್ಲಿ ಬರುತ್ತವೆ. ವೇಳಾಪಟ್ಟಿ ಅವರ ವಿಕಿಯಲ್ಲಿ ಎಲ್ಲರಿಗೂ ಕಾಣುವಂತೆ ಇದೆ. ನಿಮ್ಮ ತಂತ್ರಜ್ಞಾನ ಅಂಕಣದಲ್ಲಿ ಆ ದಿನಾಂಕವನ್ನೂ, ಎಲ್ಲಿ ಡೌನ್‌ಲೋಡ್ ಮಾಡಬೇಕು, ತಪ್ಪು ಕಂಡರೆ ಎಲ್ಲಿ ಬರೆಯಬೇಕು ಅನ್ನುವುದನ್ನೂ ಹಾಕಿದರೆ ಸಾಕು. ಇಂಗ್ಲಿಷ್‌ನಲ್ಲಿ ರಿಪೋರ್ಟ್ ಬರೆಯಲು ಹಿಂಜರಿಯುವವರಿಗೆ ನೆರವಾಗಲು ನನ್ನಂಥವರು ಸಿದ್ಧರಿದ್ದೇವೆ.

– ಒಬ್ಬ ಓದುಗ, ಹಾಸನ