ರಾಕ್ ಗಿಟಾರ್ ಚರಿತ್ರೆಯ ಮೊದಲ ಪುಟದಲ್ಲೇ ರೊಸೆಟ್ಟಾ ಥಾರ್ಪ್ ಇರಬೇಕು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ರಾಕ್ ಸಂಗೀತ ಬೆಳೆದುಬಂದ ಬಗೆಯನ್ನು ಕುರಿತು ನೀವು ಪ್ರಕಟಿಸಿದ ಲೇಖನವನ್ನು ಆಸಕ್ತಿಯಿಂದ ಓದಿದೆ. ಚಕ್ ಬೆರಿ, ಎಲ್ವಿಸ್ ಪ್ರೆಸ್ಲಿ, ಲಿಟಲ್ ರಿಚರ್ಡ್ ಬಗ್ಗೆ ಬರೆದಿರುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಇವರೆಲ್ಲ ರಂಗಕ್ಕೆ ಬರುವ ಮೊದಲೇ ಗಿಟಾರ್ ಹೆಗಲಿಗೇರಿಸಿಕೊಂಡು ಜನರನ್ನು ಕುಣಿಸಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಅವರ ಹೆಸರು ಇಡೀ ಪುಟದಲ್ಲಿ ಒಮ್ಮೆಯೂ ಬಂದಿಲ್ಲ. ಈ ಮರೆವು ನಿಮ್ಮ ಪತ್ರಿಕೆಯೊಂದರದೇ ಅಲ್ಲ. ಅವರು ಹುಟ್ಟಿ ಬೆಳೆದ ಅಮೆರಿಕವೇ ಅವರನ್ನು ದಶಕಗಳ ಕಾಲ ಮರೆತು ಕುಳಿತಿತ್ತು. ಹಾಗೆಂದು ನಾವೂ ಮರೆಯಬೇಕಿಲ್ಲ.

ರೊಸೆಟ್ಟಾ ಹುಟ್ಟಿದ್ದು 1915ರ ಮಾರ್ಚ್ 20ರಂದು, ಅರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಸಣ್ಣ ಊರಿನಲ್ಲಿ. ತಾಯಿ ಕೇಟಿ ಬೆಲ್ ಮ್ಯಾಂಡೊಲಿನ್ ನುಡಿಸುತ್ತ, ಹಾಡುತ್ತ ಧರ್ಮಪ್ರಚಾರ ಮಾಡುತ್ತಿದ್ದ ಗಟ್ಟಿಗಿತ್ತಿ. ಅವರು ಸೇರಿದ್ದ ಪೆಂಟಕೋಸ್ಟಲ್ ಎಂಬ ಕ್ರೈಸ್ತ ಪಂಥದಲ್ಲಿ ಚಪ್ಪಾಳೆ, ಕುಣಿತ, ವಾದ್ಯಗಳ ಅಬ್ಬರ ಎಲ್ಲವೂ ಪ್ರಾರ್ಥನೆಯೇ. ಆರರ ವಯಸ್ಸಿಗೇ ಮಗಳು ಗಿಟಾರ್ ಹಿಡಿದು ತಾಯಿಯ ಜೊತೆ ಭಕ್ತರ ಮುಂದೆ ನಿಂತಿದ್ದಳು. ಮುಂದೆ ತಾಯಿ ಮಗಳು ಶಿಕಾಗೊ ಸೇರಿದರು. ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಕಪ್ಪು ಜನರು ತಮ್ಮೊಡನೆ ತಂದ ಬ್ಲೂಸ್ ಮತ್ತು ಜಾಝ್ ಅಲ್ಲಿ ಬೀದಿಬೀದಿಯಲ್ಲೂ ಇತ್ತು. ಚರ್ಚಿನ ಹುರುಪು ಮತ್ತು ಬೀದಿಯ ಲಯ ಎರಡೂ ಈ ಹುಡುಗಿಯ ಬೆರಳುಗಳಲ್ಲಿ ಒಂದಾದವು.

1938 ಅವರ ಬದುಕಿನ ತಿರುವು. ನ್ಯೂಯಾರ್ಕಿಗೆ ಬಂದು ಕಾಟನ್ ಕ್ಲಬ್‌ನಲ್ಲಿ ಹಾಡಿದರು. ಅಕ್ಟೋಬರ್ 31ರಂದು ಡೆಕ್ಕಾ ಕಂಪನಿಗೆ ನಾಲ್ಕು ಹಾಡುಗಳನ್ನು ಧ್ವನಿಮುದ್ರಿಸಿದರು. ಡಿಸೆಂಬರ್ 23ರಂದು ಕಾರ್ನೆಗಿ ಹಾಲ್‌ನಲ್ಲಿ ನಡೆದ ಐತಿಹಾಸಿಕ ಕಛೇರಿಯಲ್ಲಿಯೂ ಅವರಿದ್ದರು. ದೇವರ ಹಾಡನ್ನು ಮದ್ಯ ಮಾರುವ ಕ್ಲಬ್ಬಿಗೆ ಒಯ್ದದ್ದನ್ನು ಕಂಡು ಚರ್ಚಿನವರು ಸಿಟ್ಟಾದರು. ಆ ಸಿಟ್ಟಿನ ಬಿಸಿ ಅವರನ್ನು ಬಹುಕಾಲ ತಟ್ಟುತ್ತಲೇ ಇತ್ತು. ಆದರೂ ಅವರು ದೇವರನ್ನೂ ಬಿಡಲಿಲ್ಲ, ಗಿಟಾರನ್ನೂ ಬಿಡಲಿಲ್ಲ.

ಅವರ ಜಾಗ ಯಾವುದೆಂಬುದನ್ನು ಇಸವಿಗಳೇ ಹೇಳುತ್ತವೆ. ಸ್ಯಾಮಿ ಪ್ರೈಸ್ ಅವರ ಪಿಯಾನೊ, ಜೊತೆಗೆ ಬಾಸ್ ಮತ್ತು ಡ್ರಮ್ಸ್ ಇಟ್ಟುಕೊಂಡು ಅವರು ‘ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವೆರಿ ಡೇ’ ಧ್ವನಿಮುದ್ರಿಸಿದ್ದು 1944ರಲ್ಲಿ. ಮರುವರ್ಷ ಅದು ಬಿಲ್‌ಬೋರ್ಡ್ ಪತ್ರಿಕೆಯ ಕಪ್ಪು ಸಂಗೀತದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ಎಲ್ವಿಸ್ ಅವರ ಮೊದಲ ರೆಕಾರ್ಡ್ ಬಂದದ್ದು 1954ರಲ್ಲಿ, ಚಕ್ ಬೆರಿ ಅವರದು 1955ರಲ್ಲಿ. ಹತ್ತು ವರ್ಷ ಮುಂಚೆಯೇ ಪಿಯಾನೊದ ಓಟ, ಡ್ರಮ್ಸ್‌ನ ತಾಳ, ನಡುವೆ ಚಂಗನೆ ಹಾರಿ ಬರುವ ಗಿಟಾರ್, ಎಲ್ಲವೂ ರೊಸೆಟ್ಟಾ ಅವರ ಆ ರೆಕಾರ್ಡಿನಲ್ಲಿವೆ. ರಾಕ್ ಅಂಡ್ ರೋಲ್‌ನ ಮೊದಲ ರೆಕಾರ್ಡ್ ಯಾವುದು ಎಂಬ ವಾದದಲ್ಲಿ ಈ ಹಾಡಿನ ಹೆಸರು ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ.

ನಾನು ಗಿಟಾರ್ ಕಲಿಸುವವಳು. ಆದ್ದರಿಂದ ಅವರ ನುಡಿಸಾಣಿಕೆಯ ಬಗ್ಗೆ ತುಸು ವಿವರವಾಗಿ ಹೇಳಲು ಅವಕಾಶ ಕೊಡಿ. ಆರು ತಂತಿಗಳನ್ನು ಬರಿದಾಗಿ ಮೀಟಿದರೂ ಒಂದು ಪೂರ್ಣ ಸ್ವರಮೇಳ ಕೇಳುವ ಹಾಗೆ ಅವರು ಶ್ರುತಿ ಮಾಡಿಕೊಳ್ಳುತ್ತಿದ್ದರು. ಇದು ದಕ್ಷಿಣದ ಬ್ಲೂಸ್ ವಾದಕರ ಹಳೆಯ ಪದ್ಧತಿ. ಹಾಡುವಾಗ ಒಂದು ಸಾಲು ಮುಗಿಯುತ್ತಿದ್ದಂತೆ ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ: ಒಂದೊಂದೇ ತಂತಿಯ ಮೇಲೆ ಸರಸರನೆ ಏರುವ ಸ್ವರಗಳು, ತುದಿಯಲ್ಲಿ ಎಳೆದು ಬಿಟ್ಟ ಒಂದು ಸ್ವರ, ಮರುಕ್ಷಣ ಮತ್ತೆ ಕಂಠ. ಚರ್ಚಿನಲ್ಲಿ ಬೋಧಕರು ಹೇಳಿದ್ದಕ್ಕೆ ಸಭೆ ಓಗೊಡುವ ರೀತಿಯೇ ಇದು. ಇಲ್ಲಿ ಇಬ್ಬರ ಕೆಲಸವನ್ನೂ ಒಬ್ಬರೇ ಮಾಡುತ್ತಾರೆ. ರಾಕ್ ಸಂಗೀತದಲ್ಲಿ ಗಿಟಾರ್ ಹಿಮ್ಮೇಳದಿಂದ ಮುಂದೆ ಬಂದು ಮಾತಾಡುತ್ತದಲ್ಲ, ಅದರ ಬೇರು ಇಲ್ಲಿದೆ. ಅವರೊಬ್ಬರೇ ಇದನ್ನೆಲ್ಲ ಹುಟ್ಟುಹಾಕಿದರು ಎಂದು ನಾನು ಹೇಳುವುದಿಲ್ಲ. ಚಾರ್ಲಿ ಕ್ರಿಶ್ಚಿಯನ್, ಟಿ-ಬೋನ್ ವಾಕರ್ ಅವರೂ ಅದೇ ಕಾಲದಲ್ಲಿ ಎಲೆಕ್ಟ್ರಿಕ್ ಗಿಟಾರ್‌ಗೆ ದಾರಿ ಮಾಡುತ್ತಿದ್ದರು. ಆ ಇಬ್ಬರನ್ನು ಗಿಟಾರ್ ವಾದಕರೆಂದು ನೆನೆಯುವ ನಾವು ಈಕೆಯನ್ನು ಮಾತ್ರ ಭಕ್ತಿಗೀತೆಯ ಗಾಯಕಿ ಎಂದಷ್ಟೇ ಬರೆದು ಮುಂದೆ ಹೋಗುವುದು ಏಕೆ?

ಅವರ ಕಾಲದಲ್ಲಿ ‘ಗಂಡಸಿನ ಹಾಗೆ ನುಡಿಸುತ್ತಾಳೆ’ ಎಂಬುದೇ ದೊಡ್ಡ ಹೊಗಳಿಕೆಯಾಗಿತ್ತು. ಅಂಥ ಹೊಗಳಿಕೆಯ ಅಡಿಯಲ್ಲಿ ಎಷ್ಟು ಅವಮಾನವಿದೆ ಎಂಬುದು ವಾದ್ಯ ಹಿಡಿದ ಪ್ರತಿ ಹೆಣ್ಣಿಗೂ ಗೊತ್ತು. ಅದರ ಮೇಲೆ ಬಣ್ಣದ ಕಾಟ ಬೇರೆ. ಸಾವಿರಾರು ಜನ ದುಡ್ಡು ಕೊಟ್ಟು ಅವರ ಕಾರ್ಯಕ್ರಮಕ್ಕೆ ಬರುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅದೇ ಊರಿನ ಹೋಟೆಲಿನಲ್ಲಿ ಅವರಿಗೆ ಕೋಣೆ ಸಿಗುತ್ತಿರಲಿಲ್ಲ. ರಾತ್ರಿಗಳನ್ನು ಬಸ್ಸಿನಲ್ಲೇ ಕಳೆಯಬೇಕಿತ್ತು.

ಇಷ್ಟಿದ್ದೂ ಎಷ್ಟು ಧಾರಾಳಿ! 1947ರಲ್ಲಿ ಜಾರ್ಜಿಯಾದ ಮೇಕನ್ ನಗರದ ಸಭಾಂಗಣದಲ್ಲಿ ಕಾರ್ಯಕ್ರಮಕ್ಕೆ ಮೊದಲು 14ರ ಹುಡುಗನೊಬ್ಬ ಅವರದೇ ಹಾಡು ಹಾಡುತ್ತಿದ್ದುದು ಕಿವಿಗೆ ಬಿತ್ತು. ಅವನನ್ನು ವೇದಿಕೆಗೆ ಹತ್ತಿಸಿ ಹಾಡಿಸಿದರು, ಕೈಗೆ ಹಣವನ್ನೂ ಇಟ್ಟರು. ನಿಮ್ಮ ಲೇಖನದಲ್ಲಿ ದೊಡ್ಡ ಚಿತ್ರದೊಡನೆ ಬಂದ ಲಿಟಲ್ ರಿಚರ್ಡ್ ಆ ಹುಡುಗ. ಅಮೆರಿಕದ ಹೆಸರಾಂತ ಗಾಯಕ ಜಾನಿ ಕ್ಯಾಶ್ ಕೂಡ 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುವಾಗ ರೊಸೆಟ್ಟಾ ಅವರ ಹೆಸರು ಹೇಳಿದರು.

1951ರ ಜುಲೈನಲ್ಲಿ ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ನಡೆದ ಅವರ ಮದುವೆಗೆ ಸುಮಾರು 25,000 ಜನ ಟಿಕೆಟ್ ಕೊಂಡು ಬಂದಿದ್ದರು. ಮದುವೆಯ ಉಡುಪಿನಲ್ಲೇ ವಧು ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು. ಆದರೆ ಓದುಗರು ಒಂದೇ ಒಂದು ದೃಶ್ಯ ನೋಡುವುದಾದರೆ 1964ರ ಮೇ ತಿಂಗಳಿನ ಮ್ಯಾಂಚೆಸ್ಟರ್ ಕಾರ್ಯಕ್ರಮವನ್ನು ನೋಡಲಿ. ಗ್ರನಾಡಾ ಟಿವಿಯವರು ಬಳಕೆ ನಿಂತಿದ್ದ ವಿಲ್‌ಬ್ರಹಾಂ ರೋಡ್ ರೈಲು ನಿಲ್ದಾಣವನ್ನು ಅಮೆರಿಕದ ದಕ್ಷಿಣದ ನಿಲ್ದಾಣದಂತೆ ಸಿಂಗರಿಸಿದ್ದರು. ಹಳಿಯ ಆಚೆಗಿನ ಪ್ಲಾಟ್‌ಫಾರಂನಲ್ಲಿ ಇಂಗ್ಲೆಂಡಿನ ಹುಡುಗ ಹುಡುಗಿಯರು, ಈಚೆ ಕಲಾವಿದರು. ಮಳೆ ಬಿದ್ದು ನೆಲವೆಲ್ಲ ತೊಯ್ದಿತ್ತು. ಕುದುರೆ ಗಾಡಿಯಿಂದ ಇಳಿದು, ಉದ್ದನೆಯ ಕೋಟು ತೊಟ್ಟ 49ರ ಆ ಹೆಂಗಸು ನಡೆದು ಬಂದು, ಬಿಳಿಯ ಗಿಬ್ಸನ್ ಗಿಟಾರನ್ನು ಕೊರಳಿಗೆ ಹಾಕಿಕೊಂಡು, ಬೈಬಲಿನ ನೋಹನ ಕಾಲದ ಮಹಾಮಳೆಯ ಹಾಡನ್ನೇ ಎತ್ತಿಕೊಳ್ಳುತ್ತಾರೆ. ನಡುವೆ ಹಾಡು ನಿಲ್ಲಿಸಿ ಗಿಟಾರನ್ನು ಮಾತಾಡಲು ಬಿಟ್ಟಾಗ ಅವರ ಮುಖದಲ್ಲಿ ಒಂದಿಷ್ಟೂ ಬಿಗುವಿಲ್ಲ. ಮನೆಯಂಗಳದಲ್ಲಿ ನಿಂತಷ್ಟು ನಿರಾಳ. ನನ್ನ ಬಳಿ ಕಲಿಯುವ ಹುಡುಗಿಯರಿಗೆ ಈ ಚಿತ್ರಿಕೆಯನ್ನು ತಪ್ಪದೆ ತೋರಿಸುತ್ತೇನೆ. ಬಹುತೇಕ ಎಲ್ಲರೂ ಕೇಳುವುದು ಒಂದೇ ಮಾತು: ‘ಇವರ ಹೆಸರನ್ನು ನಾವು ಯಾಕೆ ಕೇಳಿಯೇ ಇಲ್ಲ?’

ಕೊನೆಯ ವರ್ಷಗಳು ಕಷ್ಟದವು. 1970ರಲ್ಲಿ ಪಾರ್ಶ್ವವಾಯು ಹೊಡೆಯಿತು. ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನು ತೆಗೆಯಬೇಕಾಯಿತು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡಾಗ ಹೊಸ ಧ್ವನಿಮುದ್ರಣವೊಂದರ ಸಿದ್ಧತೆಯಲ್ಲಿದ್ದರು. ಸಾವಿರಾರು ಜನರನ್ನು ಕುಣಿಸಿದ ಆಕೆಯ ಸಮಾಧಿಗೆ ಮೂರು ದಶಕಕ್ಕೂ ಹೆಚ್ಚು ಕಾಲ ಒಂದು ಹೆಸರಿನ ಕಲ್ಲೂ ಇರಲಿಲ್ಲ. 2007ರಲ್ಲಿ ವಿದ್ವಾಂಸೆ ಗೇಲ್ ವಾಲ್ಡ್ ಬರೆದ ಜೀವನಚರಿತ್ರೆ ಬಂದು, 2008ರಲ್ಲಿ ಅಭಿಮಾನಿಗಳು ಕಛೇರಿ ನಡೆಸಿ ಹಣ ಕೂಡಿಸಿದ ಮೇಲೆಯೇ ಕಲ್ಲು ನೆಡಲು ಸಾಧ್ಯವಾದದ್ದು. ಹಾಲ್ ಆಫ್ ಫೇಮ್ 1986ರಲ್ಲಿ ಮೊದಲ ಬಾರಿಗೆ ಗೌರವ ಕೊಟ್ಟಾಗ ಚಕ್ ಬೆರಿ, ಎಲ್ವಿಸ್, ಲಿಟಲ್ ರಿಚರ್ಡ್ ಮೂವರೂ ಅದರಲ್ಲಿದ್ದರು. ರೊಸೆಟ್ಟಾ ಅವರ ಸರದಿ ಬಂದದ್ದು 2018ರಲ್ಲಿ. ತಾನು ಕೈಹಿಡಿದು ವೇದಿಕೆ ಹತ್ತಿಸಿದ ಹುಡುಗನಿಗಿಂತ 32 ವರ್ಷ ತಡವಾಗಿ! ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಮುಂದಿನ ಮಾರ್ಚ್ 20ರ ಆಸುಪಾಸಿನಲ್ಲಿ ಪುರವಣಿಯ ಒಂದು ಪುಟವನ್ನು ಅವರಿಗೆಂದು ಮೀಸಲಿಡಿ. ಹಾಡುವ ಮುಖವನ್ನಷ್ಟೇ ಕತ್ತರಿಸಿ ಹಾಕದೆ, ಗಿಟಾರ್ ಮತ್ತು ಎರಡೂ ಕೈಗಳು ಪೂರ್ತಿ ಕಾಣುವಂಥ ಚಿತ್ರವನ್ನು ಪ್ರಕಟಿಸಿ. ಬರೆಯುವವರು ಸಿಗದಿದ್ದರೆ ನಾನೇ ಬರೆದು ಕಳಿಸಲು ಸಿದ್ಧಳಿದ್ದೇನೆ.

ಇತಿ,
ಒಬ್ಬ ಗಿಟಾರ್ ಶಿಕ್ಷಕಿ,
ಮೈಸೂರು