ಸಚಿವರೇ, ನಮ್ಮ ಸಂಬಳವನ್ನೂ ನೇರವಾಗಿ ಖಾತೆಗೆ ಹಾಕಿ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರಗಳು.

ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆ ಮೇಲೆ ಕೆಲಸ ಮಾಡುವ ಡಾಟಾ ಎಂಟ್ರಿ ಆಪರೇಟರ್. ಯಾವ ಊರು, ಯಾವ ಇಲಾಖೆ ಅಂತ ಬರೆಯುವುದಿಲ್ಲ. ಬರೆದರೆ ಸಂಜೆಯೊಳಗೆ ಏಜೆನ್ಸಿಯಿಂದ ಫೋನ್ ಬರುತ್ತದೆ, "ನಾಳೆಯಿಂದ ಬರಬೇಡಿ ಮೇಡಂ" ಅಂತ. ನಮ್ಮನ್ನು ತೆಗೆಯಲು ಅಷ್ಟೇ ಸಾಕು. ನಿಮಗೂ ಗೊತ್ತಿಲ್ಲದ್ದೇನಲ್ಲ.

ನಾನು ಕೇಳುವುದು ಒಂದೇ. ಪ್ರತಿ ತಿಂಗಳು 7ನೇ ತಾರೀಖಿನೊಳಗೆ ನಮ್ಮ ಸಂಬಳ ನಮ್ಮ ಖಾತೆಗೆ ಬರಬೇಕು. ಏಜೆನ್ಸಿ ಕೈಯಿಂದ ಅಲ್ಲ, ಸರ್ಕಾರದಿಂದ ನೇರವಾಗಿ.

ಕಾನೂನನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಈ 7ನೇ ತಾರೀಖಿನ ಮಾತು 1936ರ ವೇತನ ಪಾವತಿ ಕಾಯ್ದೆಯ ಕಾಲದ್ದು. ಗುತ್ತಿಗೆದಾರ ಕೈಕೊಟ್ಟರೆ ಕೆಲಸ ಮಾಡಿಸಿಕೊಂಡ ಪ್ರಿನ್ಸಿಪಲ್ ಎಂಪ್ಲಾಯರೇ ಸಂಬಳ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಆದರೆ 7ನೇ ತಾರೀಖೂ ಪ್ರಿನ್ಸಿಪಲ್ ಎಂಪ್ಲಾಯರ್ ಹೊಣೆಯೂ ಹಾಗೇ ಉಳಿದವು. ಹಾಗಾದರೆ ನಮ್ಮ ಪ್ರಿನ್ಸಿಪಲ್ ಎಂಪ್ಲಾಯರ್ ಯಾರು ಸ್ವಾಮಿ? ಸರ್ಕಾರವೇ ಅಲ್ವಾ? ಕಾರ್ಖಾನೆಯವನು ಸಂಬಳ ಕೊಡದಿದ್ದರೆ ಅದು ಅಪರಾಧ. ಸರ್ಕಾರ ಕೊಡದಿದ್ದರೆ "ಅನುದಾನ ಬಿಡುಗಡೆಯಾಗಿಲ್ಲ".

ನಮ್ಮ ಕಚೇರಿಯ ಕಾಯಂ ನೌಕರರ ಸಂಬಳದ ಬಿಲ್ಲಿಗೆ ಬೇಕಾದ ವಿವರವನ್ನೆಲ್ಲ ಎಚ್‌ಆರ್‌ಎಂಎಸ್‌ ಅನ್ನುವ ಸರ್ಕಾರಿ ಸಂಬಳದ ತಂತ್ರಾಂಶಕ್ಕೆ ಹತ್ತಿಸಲು ಕೂರುವವಳು ನಾನು. ಯಾರ ಇಂಕ್ರಿಮೆಂಟ್ ಯಾವಾಗ, ಯಾರ ತುಟ್ಟಿಭತ್ಯೆ ಬಾಕಿ ಎಷ್ಟು, ಎಲ್ಲ ನನ್ನ ಬೆರಳ ತುದಿಯಲ್ಲಿದೆ. ಒಂದು ದಿನ ತಡವಾದರೆ ಸಾಹೇಬರಿಂದ ಹಿಡಿದು ಎಲ್ಲರೂ ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರ ಸಂಬಳ ಅವರಿಗೆ ಬರಲೇಬೇಕು. ಆದರೆ ಊರಿನವರ ಬಿಲ್ಲನ್ನೆಲ್ಲ ಮಾಡಿ ಕೊಟ್ಟು, ನನ್ನ ಸಂಬಳ ಕೇಳಿದರೆ "ನಿಮ್ಮದು ಏಜೆನ್ಸಿ ನೋಡಿಕೊಳ್ಳುತ್ತದೆ" ಅನ್ನಿಸಿಕೊಳ್ಳಬೇಕು. ಏಜೆನ್ಸಿಯವನನ್ನು ಕೇಳಿದರೆ "ನಿಮ್ಮ ಆಫೀಸಿನವರು ಬಿಲ್ ಪಾಸ್ ಮಾಡಿಲ್ಲ".

ಈ ಪತ್ರ ಬರೆಯುವ ಹಾಗೆ ಮಾಡಿದ್ದು ಮೊನ್ನೆ ನಡೆದದ್ದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಓದಿ.

ಸಂಬಳ ನಿಂತು ತಿಂಗಳುಗಳಾಗಿದ್ದವು. ಏಜೆನ್ಸಿಯ ಸೂಪರ್‌ವೈಸರ್ ಒಂದು ರಿಜಿಸ್ಟರ್ ಹಿಡಿದುಕೊಂಡು ಬಂದ. ನಮಗೆಲ್ಲ ಸಂಬಳವೇ ಬಂತು ಅಂದುಕೊಂಡೆವು. ತೆರೆದು ನೋಡಿದರೆ ವೇತನ ಪಾವತಿ ರಿಜಿಸ್ಟರ್. ಬಾಕಿ ಇರುವ ಅಷ್ಟೂ ತಿಂಗಳ ಸಂಬಳ "ಪಡೆದಿದ್ದೇನೆ" ಅಂತ ನಾವು ಸಹಿ ಹಾಕಬೇಕಂತೆ! ಯಾಕೆ? ಹಿಂದಿನ ತಿಂಗಳ ಸಂಬಳ ಕೊಟ್ಟಿದ್ದಕ್ಕೆ ದಾಖಲೆ ತೋರಿಸದಿದ್ದರೆ ಮುಂದಿನ ಬಿಲ್ ಪಾಸಾಗುವುದಿಲ್ಲವಂತೆ. ಬಿಲ್ ಪಾಸಾಗದೆ ಅವನು ಸಂಬಳ ಕೊಡುವುದಿಲ್ಲವಂತೆ. ಅಂದರೆ ಸಂಬಳ ಬರಬೇಕಾದರೆ ಸಂಬಳ ಬಂದಿದೆ ಅಂತ ನಾನೇ ಸುಳ್ಳು ಬರೆದುಕೊಡಬೇಕು. ನಮ್ಮ ಕಾವಲಿಗೆ ಅಂತ ಮಾಡಿದ ನಿಯಮ ನಮ್ಮ ಕೊರಳಿಗೇ ಬಂತು.

ನಮ್ಮಲ್ಲಿ ಕಸ ಗುಡಿಸುವ ಒಬ್ಬ ಅಜ್ಜಿ ಇದ್ದಾರೆ, ಅವರೂ ಹೊರಗುತ್ತಿಗೆಯವರೇ. ಅವರಿಗೆ ಓದು ಬರುವುದಿಲ್ಲ. ಹೆಬ್ಬೆಟ್ಟು ಒತ್ತಿ, ಸೆರಗಿಗೆ ಬೆರಳು ಒರೆಸಿಕೊಂಡು, "ಯಾವಾಗ ಕೊಡ್ತೀಯಪ್ಪ?" ಅಂದರು. ಅವನು "ಈಗ ತಾನೇ ಕೊಟ್ಟೆನಲ್ಲ ಅಜ್ಜಿ" ಅಂತ ರಿಜಿಸ್ಟರ್ ತೋರಿಸಿ ನಕ್ಕ. ಅದು ಅವನಿಗೆ ತಮಾಷೆ. ಎಲ್ಲರೂ ಸಹಿ ಹಾಕಿದೆವು. ಇನ್ನೇನು ಮಾಡುವುದು?

ದೂರು ಕೊಡೋಣ ಅಂತ ಹೋದೆವು. ಅಲ್ಲಿ ನಮ್ಮ ಅರ್ಜಿಯನ್ನು ಕಂಪ್ಯೂಟರಿಗೆ ಹಾಕಿಕೊಂಡ ಹುಡುಗ ಮೆಲ್ಲಗೆ, "ಅಕ್ಕಾ, ನಾನೂ ಏಜೆನ್ಸಿಯವನೇ. ನಮಗೂ ಬಂದಿಲ್ಲ" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮನೆ ಹೇಗೆ ನಡೆಯುತ್ತದೆ ಅಂತ ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಅತ್ತೆಯವರ ಗೃಹಲಕ್ಷ್ಮಿ ದುಡ್ಡಿನಲ್ಲಿ. ದಿನಾ ಬಸ್ ಹತ್ತಿ ಕೆಲಸಕ್ಕೆ ಹೋಗುವವಳು ನಾನು, ಮನೆಗೆ ದುಡ್ಡು ತರುವವರು ಅವರು. (ಬಸ್ಸು ಫ್ರೀ ಇರುವುದರಿಂದ ಸಂಬಳವಿಲ್ಲದೆಯೂ ಕೆಲಸಕ್ಕೆ ಹೋಗಲು ಆಗುತ್ತಿದೆ. ಶಕ್ತಿ ಯೋಜನೆಗೆ ಈ ಉಪಯೋಗವೂ ಇದೆ ಅಂತ ಬರೆದಿಟ್ಟುಕೊಳ್ಳಿ.) ಸಾಲದ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆದರೆ ಬ್ಯಾಂಕಿನವರದ್ದು ಒಂದು ದಂಡ, ಸಾಲ ಕೊಟ್ಟವರದ್ದು ಇನ್ನೊಂದು. ತಡ ಮಾಡಿದ್ದು ಸರ್ಕಾರ, ದಂಡ ಕಟ್ಟುವವಳು ನಾನು. ಕೊನೆಗೊಂದು ದಿನ ಬಾಕಿ ಸಂಬಳ ಬಂದರೆ ಅದಕ್ಕೆ ಒಂದು ಪೈಸೆ ಬಡ್ಡಿ ಇಲ್ಲ.

2025ರ ಫೆಬ್ರುವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ನಿಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ನಮ್ಮಂಥವರು ಆ ಸಾಲಕ್ಕೆ ಯಾಕೆ ಹೋಗುತ್ತೇವೆ ಅಂತ ಯಾರಾದರೂ ಕೇಳಿದರಾ? ದುಡಿದ ದುಡ್ಡು ಹೊತ್ತಿಗೆ ಸರಿಯಾಗಿ ಕೈಗೆ ಬಂದರೆ ಅವರ ಬಾಗಿಲಿಗೆ ನಾವು ಯಾಕೆ ಹೋಗುತ್ತೇವೆ?

ನೇರವಾಗಿ ಖಾತೆಗೆ ಹಾಕುವುದು ಕಷ್ಟ ಅಂತ ಮಾತ್ರ ದಯವಿಟ್ಟು ಹೇಳಬೇಡಿ. 2023ರ ಆಗಸ್ಟ್‌ನಿಂದ ಕೋಟಿಗೂ ಜಾಸ್ತಿ ಹೆಂಗಸರ ಖಾತೆಗೆ ಎರಡೆರಡು ಸಾವಿರ ಹಾಕುತ್ತಿದ್ದೀರಿ. ಅದೂ ಆಗಾಗ ತಡವಾಗುತ್ತದೆ, ಆ ಮಾತು ಬೇರೆ. ಆದರೆ ನಡುವೆ ಏಜೆನ್ಸಿ ಇಲ್ಲವಲ್ಲ! ಬೆಂಗಳೂರಿನ ಪೌರಕಾರ್ಮಿಕರಿಗೆ ಗುತ್ತಿಗೆದಾರರನ್ನು ಬಿಟ್ಟು ನೇರ ವೇತನ ಕೊಡಲು 2018ರಲ್ಲೇ ಶುರು ಮಾಡಿದರು. ಅವರು ಬೀದಿಗಿಳಿದು ಹೋರಾಡಿ ಪಡೆದುಕೊಂಡರು. ನಾವು ಕಚೇರಿಗೊಬ್ಬರು ಇಬ್ಬರು ಚದುರಿಹೋಗಿದ್ದೇವೆ, ಅದಕ್ಕೇ ಸುಮ್ನೆ ಇದ್ದೇವೆ. ಹಾಜರಾತಿ ನಿಮ್ಮ ಕಚೇರಿಯದ್ದು, ಕೆಲಸ ನಿಮ್ಮದು, ದುಡ್ಡೂ ನಿಮ್ಮದೇ. ನಡುವೆ ಸೇವಾ ಶುಲ್ಕ ತೆಗೆದುಕೊಳ್ಳುವ ಏಜೆನ್ಸಿ ಯಾವ ಸೇವೆ ಮಾಡುತ್ತಿದೆ ಅಂತ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಕಾಯಂ ಮಾಡಿ ಅಂತ ನಾನು ಕೇಳುತ್ತಿಲ್ಲ. ಸಂಬಳ ಜಾಸ್ತಿ ಮಾಡಿ ಅಂತಲೂ ಈ ಪತ್ರದಲ್ಲಿ ಕೇಳುತ್ತಿಲ್ಲ. ಆಗಲೇ ದುಡಿದಿರುವುದನ್ನು 7ನೇ ತಾರೀಖಿನೊಳಗೆ ನೇರವಾಗಿ ಖಾತೆಗೆ ಹಾಕಿ. ಜೊತೆಗೆ ಪಿಎಫ್, ಇಎಸ್‌ಐ ಕಟ್ಟಿದ ಚಲನ್ ಪ್ರತಿ ನಮಗೂ ಸಿಗಲಿ, ಅದರಲ್ಲಿ ನಮ್ಮ ದುಡ್ಡೂ ಇದೆ. ಹಣಕಾಸು ಇಲಾಖೆ ನಿಮ್ಮ ಕೈಲಿಲ್ಲ ಅನ್ನುವಿರಾ? ಸಂಪುಟದಲ್ಲಿ ಪಕ್ಕದ ಕುರ್ಚಿಯಲ್ಲೇ ಕೂರುವವರನ್ನು ಕೇಳಲು ನಿಮಗೇ ಆಗದಿದ್ದರೆ, ಕಸ ಗುಡಿಸುವ ಆ ಅಜ್ಜಿ ಹೋಗಿ ಕೇಳಬೇಕಾ?

"ಸಂಬಂಧಪಟ್ಟ ಅಧಿಕಾರಿಗೆ ರವಾನಿಸಲಾಗಿದೆ" ಅನ್ನುವ ಹಿಂಬರಹ ಬೇಡ. ಅಂಥವನ್ನು ನಾನೇ ಬೇಕಾದಷ್ಟು ಟೈಪ್ ಮಾಡಿದ್ದೇನೆ. 7ನೇ ತಾರೀಖು, ನೇರ ಪಾವತಿ, ಇಷ್ಟನ್ನು ಬರೆದು ಒಂದು ಆದೇಶ ಹೊರಡಿಸಿ. ಅದನ್ನು ಟೈಪ್ ಮಾಡಲು ಕೂರುವವರು ಹೊರಗುತ್ತಿಗೆಯವರಾಗಿದ್ದರೆ, ಅವರಿಗೆ ಈ ತಿಂಗಳ ಸಂಬಳ ಆಗಿದೆಯಾ ಅಂತ ಮೊದಲು ಕೇಳಿ ನೋಡಿ.

ಇಂತಿ,
ಒಬ್ಬ ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್