ಫುಟ್‌ಪಾತ್ ಮೇಲೆ ಸೈಕಲ್ ಇಳಿದು ತಳ್ಳಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ನಾನೂ ನನ್ನ ಹೆಂಡತಿಯೂ ಎಡವುವ ಭಯವಿಲ್ಲದೆ ನಡೆಯುತ್ತಿದ್ದ ಕೆಲವೇ ಜಾಗಗಳಲ್ಲಿ ಸೇಂಟ್ ಮಾರ್ಕ್ಸ್ ರಸ್ತೆಯ ಫುಟ್‌ಪಾತ್ ಒಂದು. ನಗರದ ರಸ್ತೆಗಳನ್ನು ಹೊಸದಾಗಿ ರೂಪಿಸಿದ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಅಗಲವಾಗಿ ಕಟ್ಟಿದ್ದು. ಕಳೆದ ವಾರ ಅಲ್ಲೇ ಹಿಂದಿನಿಂದ ಬಂದ ಸೈಕಲ್ ತಗುಲಿ ಆಕೆ ಬಿದ್ದಳು, ಮುಂಗೈ ಮೂಳೆ ಬಿರುಕು ಬಿಟ್ಟಿದೆ. ಆಕೆಗೆ ದೃಷ್ಟಿ ಮಂದ, ಹೊರಗೆ ಹೋದರೆ ಕಿವಿಯೇ ಆಸರೆ. ಬೈಕ್ ಆಗಿದ್ದರೆ ಸದ್ದಾದರೂ ಕೇಳುತ್ತಿತ್ತು.

ಸೈಕಲ್ ಹುಡುಗ ಓಡಿಹೋಗಲಿಲ್ಲ. ಕೈ ಹಿಡಿದು ಎಬ್ಬಿಸಿ, "ಸಾರಿ ಅಂಕಲ್, ಕೆಳಗೆ ಬಸ್ಸಿನ ಭಯ, ಅದಕ್ಕೇ ಮೇಲೆ ಹತ್ತಿಸಿದೆ" ಎಂದ. ಅವನ ಭಯ ಸುಳ್ಳಲ್ಲ. ಆದರೆ ಅದರ ಪೆಟ್ಟು ಅರವತ್ತೆಂಟರ ಹೆಂಗಸಿನ ಮೇಲೆ ಬೀಳಬೇಕೇ?

ಮೋಟಾರು ವಾಹನಗಳು ಫುಟ್‌ಪಾತ್ ಹತ್ತುವಂತಿಲ್ಲ ಎಂಬ ನಿಯಮವಿದೆ, ಹತ್ತಿದವರಿಗೆ ಪೊಲೀಸರು ದಂಡ ಹಾಕಬಹುದು. ಸೈಕಲ್, ಸ್ಕೇಟ್‌ಗಳು ಆ ನಿಯಮದ ಹೊರಗೆ ಉಳಿಯುತ್ತವೆ. 250 ವಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮುಟ್ಟದ ಬ್ಯಾಟರಿ ಗಾಡಿಯೂ ಕಾನೂನಿನ ಲೆಕ್ಕದಲ್ಲಿ ಮೋಟಾರು ವಾಹನವಲ್ಲ. ಅದಕ್ಕೆ ನೋಂದಣಿ ಬೇಡ, ಓಡಿಸಲು ಲೈಸೆನ್ಸೂ ಬೇಡ. ಗುದ್ದಿ ಹೋದರೆ ನೋಡಿಕೊಳ್ಳಲು ನಂಬರ್ ಕೂಡ ಇರುವುದಿಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗ ಎಂದಿತು. ಮೋಟಾರಿಲ್ಲದ ವಾಹನಗಳ ಮತ್ತು ಪಾದಚಾರಿಗಳ ಓಡಾಟಕ್ಕೆ ರಾಜ್ಯಗಳೇ ನಿಯಮ ಮಾಡಲು ಮೋಟಾರು ವಾಹನ ಕಾಯ್ದೆಯ 138(1ಎ) ಸೆಕ್ಷನ್‌ನಲ್ಲಿ ಅವಕಾಶವಿದೆ. ಆರು ತಿಂಗಳಲ್ಲಿ ಆ ನಿಯಮ ರೂಪಿಸಿ ಎಂದು ಅದೇ ವರ್ಷ ಅಕ್ಟೋಬರ್‌ನಲ್ಲಿ ಕೋರ್ಟ್ ಹೇಳಿತು.

ಕರ್ನಾಟಕದ ನಿಯಮದಲ್ಲಿ ಒಂದು ಮಾತು ಇರಲೇಬೇಕು: ಪೇಟೆಯ ಫುಟ್‌ಪಾತ್‌ಗೆ ಬಂದ ಸೈಕಲ್ ಸವಾರ ಇಳಿದು ತಳ್ಳಿಕೊಂಡು ಹೋಗಬೇಕು. ಅಪ್ಪ ಅಮ್ಮನ ಜೊತೆ ಪುಟ್ಟ ಸೈಕಲ್ ತುಳಿಯುವ ಮಗುವಿಗೆ ಮಾತ್ರ ವಿನಾಯಿತಿ ಸಾಕು. ಬ್ಯಾಟರಿ ಗಾಡಿಯನ್ನು ಹೆಸರಿಸಿಯೇ ಬರೆಯಬೇಕು, ಇಲ್ಲದಿದ್ದರೆ ಅದು ಇಲ್ಲಿಂದಲೂ ನುಣುಚಿಕೊಳ್ಳುತ್ತದೆ. ಸ್ಕೇಟಿಂಗ್ ಮಕ್ಕಳಿಗೆ ಭಾನುವಾರ ವಾಹನವಿಲ್ಲದ ಕಬ್ಬನ್ ಪಾರ್ಕಿನ ರಸ್ತೆಗಳಿವೆ.

ಜೊತೆಗೆ ಆ ಹುಡುಗನಿಗೂ ಒಂದು ದಾರಿ ಬೇಕು. ರಸ್ತೆಯಲ್ಲಿ ಬರೀ ಬಣ್ಣದ ಗೆರೆ ಎಳೆದರೆ ಸಾಲದು, ಕಾರು ಬೈಕು ನುಗ್ಗದಂತೆ ಅಡ್ಡಕಂಬ ನೆಟ್ಟ ಸೈಕಲ್ ಪಥ ಮಾಡಿಕೊಡಿ. ಅವನು ಖುಷಿಯಿಂದ ಫುಟ್‌ಪಾತ್ ಇಳಿಯುತ್ತಾನೆ.

– ಒಬ್ಬ ಹಿರಿಯ ನಾಗರಿಕ, ಶಾಂತಿನಗರ, ಬೆಂಗಳೂರು